ಮಂಕಾದ ಕಾರಿಗೆ ಮನೆಯಲ್ಲೇ ಪಾಲಿಶ್: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಆರು ವರ್ಷ ಹೊದಿಕೆಯಿಲ್ಲದೆ ಬಿಸಿಲಲ್ಲಿ ನಿಂತಿದ್ದ ಅಪ್ಪನ ಕಡುಗೆಂಪು ಕಾರು ನಾನು ಪಾಲಿಶ್ ಮಾಡಿದ ಮೊದಲ ಗಾಡಿ. ಬಾನೆಟ್ ಮೇಲೆ ಕೈಯಾಡಿಸಿದರೆ ಬೆರಳಿಗೆ ಮಾಸಲು ಗುಲಾಬಿ ಪುಡಿ ಹತ್ತುತ್ತಿತ್ತು. ಅದಾದ ಮೇಲೆ ಗೆಳೆಯರ, ನೆಂಟರ ಎಷ್ಟೋ ಕಾರುಗಳು ಕೈಗೆ ಬಂದವು. ಅವರೆಲ್ಲ ಕೇಳಿದ್ದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು.

ಪಾಲಿಶ್ ಅಂದರೆ ಬಣ್ಣದ ಮೇಲೆ ಏನೋ ಹಚ್ಚುವುದು ಅಲ್ಲವೇ?

ಅಲ್ಲ. ಹಚ್ಚುವುದು ವ್ಯಾಕ್ಸ್, ಅಂದರೆ ಮೇಣದ ಲೇಪ. ಪಾಲಿಶ್ ಅಂದರೆ ತೆಗೆಯುವ ಕೆಲಸ. ಅದರಲ್ಲಿರುವ ಬಹಳ ಸಣ್ಣ ಉಜ್ಜುವ ಕಣಗಳು, ಹೆಚ್ಚಾಗಿ ಅಲ್ಯೂಮಿನಿಯಂ ಆಕ್ಸೈಡ್, ಬಣ್ಣದ ಮೇಲ್ಮೈಯನ್ನು ಬಹಳ ತೆಳುವಾಗಿ ಸವೆಸುತ್ತವೆ. ಗೀರು ತುಂಬಿಕೊಳ್ಳುವುದಿಲ್ಲ. ಗೀರಿನ ಎರಡೂ ದಂಡೆ ತಗ್ಗಿ ಅದರ ತಳದ ಮಟ್ಟಕ್ಕೆ ಬರುತ್ತವೆ, ಆಗ ಗೀರು ಕಾಣುವುದಿಲ್ಲ.

ಈಗಿನ ಕಾರುಗಳಲ್ಲಿ ತಗಡಿನ ಮೇಲಿನ ಪ್ರೈಮರ್ (ಬಣ್ಣದ ಕೆಳಗಿನ ತಳಪದರ), ಬಣ್ಣ, ಕ್ಲಿಯರ್ ಕೋಟ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ ಇರುತ್ತದೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅದರಲ್ಲಿ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಮೇಲ್ಪದರ, 35ರಿಂದ 50 ಮೈಕ್ರಾನ್. ನಿಮ್ಮ ತಲೆಗೂದಲೊಂದು ಸುಮಾರು 70 ಮೈಕ್ರಾನ್ ದಪ್ಪ. ಕಾರಿನ ಹೊಳಪೆಲ್ಲ ನಿಂತಿರುವುದು ಆ ಕೂದಲಿಗಿಂತ ತೆಳುವಾದ ಪದರದ ಮೇಲೆ. ಬಿಸಿಲಿನ ಅತಿನೇರಳೆ ಕಿರಣದಿಂದ ಕೆಳಗಿನ ಬಣ್ಣವನ್ನು ಕಾಯುವುದೂ ಅದೇ. ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ.

ಅದಕ್ಕೇ ಶೋರೂಮಿನ ಹೊಳಪೇ ಬೇಕೆಂದು ಹೊರಡಬೇಡಿ ಎಂದು ಎಲ್ಲರಿಗೂ ಮೊದಲೇ ಹೇಳುತ್ತೇನೆ. ಹತ್ತು ಗೀರಿನಲ್ಲಿ ಏಳು ಹೋದರೆ ಸಾಕೆಂದು ಕೈ ತೆಗೆಯುವವರ ಕಾರಿನ ಬಣ್ಣ ಹೆಚ್ಚು ಕಾಲ ಬಾಳುತ್ತದೆ.

ನನ್ನ ಕಾರಿನ ಬಣ್ಣ ಪಾಲಿಶ್‌ಗೆ ಸರಿಹೋಗುತ್ತದೋ, ಕೈಮೀರಿದೆಯೋ ಹೇಗೆ ತಿಳಿಯುವುದು?

ಮೊದಲು ತೊಳೆದು ಒಣಗಿಸಿ ನೋಡಿ. ಕೊಳಕಿನ ಮೇಲೆ ಕೊಟ್ಟ ತೀರ್ಪು ಸಾಮಾನ್ಯವಾಗಿ ತಪ್ಪಾಗಿರುತ್ತದೆ. ಆಮೇಲೆ ಗೀರಿಗೆ ಅಡ್ಡಲಾಗಿ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಆ ಗೀರು ಪಾಲಿಶ್‌ಗೆ ಪೂರ್ತಿ ಹೋಗುವುದಿಲ್ಲ. ಅಂಚು ನಯವಾಗಿ ಸ್ವಲ್ಪ ಮರೆಯಾಗಬಹುದು, ಅಷ್ಟಕ್ಕೆ ಬಿಡಿ. ಬಿಸಿಲಲ್ಲಿ ಜೇಡರ ಬಲೆಯಂತೆ ಸುತ್ತು ಸುತ್ತಾಗಿ ಕಾಣುವ ಸಣ್ಣ ಗೆರೆಗಳು, ಒಟ್ಟಾರೆ ಮಂಕು, ನೀರಿನ ಕಲೆ, ಪುಡಿ ಹತ್ತುವ ಬಣ್ಣ ಬಹುಮಟ್ಟಿಗೆ ಸರಿಯಾಗುವಂಥವು.

ರೂಫ್ ಅಥವಾ ಬಾನೆಟ್ ಮೇಲೆ ಬೆಳ್ಳಗೆ ತೇಪೆ ಎದ್ದು, ಅದರ ಅಂಚು ಬಿಸಿಲಿಗೆ ಸುಟ್ಟ ಚರ್ಮದಂತೆ ಸಿಪ್ಪೆ ಬಿಡುತ್ತಿದ್ದರೆ ಕ್ಲಿಯರ್ ಕೋಟೇ ಕಿತ್ತುಬರುತ್ತಿದೆ ಎಂದರ್ಥ. ಅದಕ್ಕೆ ಯಾವ ಪಾಲಿಶ್ ಕೂಡ ಮದ್ದಲ್ಲ. ಉಜ್ಜಿದಷ್ಟೂ ತೇಪೆ ಹರಡುತ್ತದೆ. ಆ ಭಾಗಕ್ಕೆ ಮತ್ತೆ ಪೇಂಟ್ ಹೊಡೆಸುವುದೊಂದೇ ದಾರಿ. ಉಳಿದ ಭಾಗಕ್ಕೆ ಧೈರ್ಯವಾಗಿ ಪಾಲಿಶ್ ಮಾಡಬಹುದು.

ಕಾರು ಹಳೆಯದು. ಕ್ಲಿಯರ್ ಕೋಟ್ ಇದೆಯೋ ಇಲ್ಲವೋ ಗೊತ್ತಿಲ್ಲ.

ಕಣ್ಣಿಗೆ ಬೀಳದ ಜಾಗದಲ್ಲಿ, ಬಿಳಿ ಬಟ್ಟೆಗೆ ಒಂದು ಹನಿ ಪಾಲಿಶ್ ಹಾಕಿ ಹತ್ತು ಸಲ ಉಜ್ಜಿ. ಬಟ್ಟೆಗೆ ಕಾರಿನ ಬಣ್ಣವೇ ಹತ್ತಿದರೆ ಕ್ಲಿಯರ್ ಕೋಟ್ ಇಲ್ಲ, ನೀವು ಉಜ್ಜುತ್ತಿರುವುದು ಬಣ್ಣವನ್ನೇ. ಬಿಳಿ ಕಾರಾದರೆ ಗಾಢ ಬಣ್ಣದ ಬಟ್ಟೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಏನೂ ಕಾಣುವುದಿಲ್ಲ. ಇಂಥ ಬಣ್ಣ ಪಾಲಿಶ್‌ಗೆ ಬೇಗ ಒಗ್ಗುತ್ತದೆ, ಕೆಲವೇ ನಿಮಿಷದಲ್ಲಿ ಜೀವ ಬಂದಂತಾಗುತ್ತದೆ. ಆದರೆ ಸತ್ತ ಬಣ್ಣವೆಲ್ಲ ಪ್ಯಾಡಿಗೆ, ಅಂದರೆ ಪಾಲಿಶ್ ಉಜ್ಜುವ ಮೆತ್ತೆಗೆ, ಮೆತ್ತಿಕೊಳ್ಳುವುದರಿಂದ ಪ್ಯಾಡನ್ನು ಮತ್ತೆ ಮತ್ತೆ ಬದಲಿಸಬೇಕು.

ತೊಳೆಯುವುದಕ್ಕೆ ಯಾಕೆ ಅಷ್ಟು ಮಹತ್ವ? ಹೇಗಿದ್ದರೂ ಆಮೇಲೆ ಉಜ್ಜುತ್ತೇವಲ್ಲ?

ಧೂಳು ಅಂದರೆ ಸಣ್ಣ ಮರಳು. ಅದು ಉಳಿದಿರುವಾಗ ಪ್ಯಾಡ್ ಇಟ್ಟರೆ ಪಾಲಿಶ್ ಜೊತೆ ಮರಳನ್ನೂ ತಿರುಗಿಸಿದಂತೆ. ಗೀರು ತೆಗೆಯಲು ಹೋಗಿ ಹತ್ತು ಹೊಸ ಗೀರು ಹಾಕಿಕೊಳ್ಳುತ್ತೀರಿ.

ಕಾರು ನೆರಳಿನಲ್ಲಿರಲಿ, ತಗಡು ಮುಟ್ಟಿದರೆ ತಣ್ಣಗಿರಲಿ. ಮೊದಲು ಬರೀ ನೀರು ಹಾಯಿಸಿ ಸಡಿಲ ಮಣ್ಣನ್ನೆಲ್ಲ ಇಳಿಸಿ. ಬಕೆಟ್ ಎರಡಿರಬೇಕು, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಗ್ಲೌಸನ್ನು ಶಾಂಪೂವಿನಲ್ಲಿ ಅದ್ದಿ ಒಂದು ಭಾಗ ಒರೆಸಿ, ಮತ್ತೆ ಶಾಂಪೂವಿಗೆ ಹಾಕುವ ಮುಂಚೆ ಎರಡನೆಯ ಬಕೆಟ್‌ನಲ್ಲಿ ಜಾಲಾಡಿಸಿ. ಅರ್ಧ ಕಾರು ಮುಗಿಯುವಷ್ಟರಲ್ಲಿ ಆ ಎರಡನೆಯ ಬಕೆಟ್‌ನ ತಳ ನೋಡಿ. ಕಪ್ಪು ಮಣ್ಣು ಪದರವಾಗಿ ಕೂತಿರುತ್ತದೆ. ಒಂದೇ ಬಕೆಟ್ ಇಟ್ಟುಕೊಂಡಿದ್ದರೆ ಅದಷ್ಟೂ ಮತ್ತೆ ಬಣ್ಣದ ಮೇಲೆ ಹೋಗುತ್ತಿತ್ತು. ಮೇಲಿನಿಂದ ಕೆಳಕ್ಕೆ ತೊಳೆಯಿರಿ. ಡೋರ್‌ಗಳ ಕೆಳಭಾಗ ಮತ್ತು ಬಂಪರ್ ಕೊನೆಗೆ. ಚಕ್ರಕ್ಕೆ ಬೇರೆಯೇ ಬ್ರಷ್, ಬೇರೆಯೇ ಬಟ್ಟೆ.

ಡೋರ್ ಕೆಳಗೆ ಡಾಂಬರಿನ ಚುಕ್ಕೆ ಇದ್ದರೆ ಟಾರ್ ರಿಮೂವರ್ ಹಾಕಿ ಕರಗಿಸಿ ಒರೆಸಿ, ಉಗುರಿನಿಂದ ಕೆರೆಯಬೇಡಿ.

ತೊಳೆದ ಮೇಲೂ ಕೈಗೆ ಒರಟಾಗಿ ತಾಗುತ್ತದೆ. ಅದೇನು?

ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಒದ್ದೆ ಬಾನೆಟ್ ಮೇಲೆ ಮೆಲ್ಲಗೆ ಸವರಿ. ಬರಿಗೈಗೆ ಗೊತ್ತಾಗದ ತರಿ ತರಿಯೆಲ್ಲ ಬೆರಳಿಗೆ ಸ್ಪಷ್ಟವಾಗಿ ಸಿಗುತ್ತದೆ. ಬ್ರೇಕ್‌ನಿಂದ ಹಾರಿ ಬಂದ ಕಬ್ಬಿಣದ ಕಣ, ಮರದ ಅಂಟು, ಪಕ್ಕದಲ್ಲೆಲ್ಲೋ ಪೇಂಟ್ ಹೊಡೆದಾಗ ಬಂದು ಕೂತ ಹನಿ, ಇವೆಲ್ಲ ಶಾಂಪೂವಿಗೆ ಬಗ್ಗುವುದಿಲ್ಲ. ಕಬ್ಬಿಣಕ್ಕೆ ಐರನ್ ರಿಮೂವರ್ ಎಂಬ ದ್ರವ ಸಿಗುತ್ತದೆ. ಸಿಂಪಡಿಸಿದ ಕೆಲವು ನಿಮಿಷಕ್ಕೆ ಕಣ ಇರುವಲ್ಲೆಲ್ಲ ನೇರಳೆ ಬಣ್ಣ ಇಳಿಯುತ್ತದೆ. ಒಣಗಲು ಬಿಡದೆ ತೊಳೆದುಬಿಡಿ.

ಉಳಿದದ್ದಕ್ಕೆ ಕ್ಲೇ ಬಾರ್. ಅಂಗೈಯಲ್ಲಿ ಹಿಡಿಯುವಷ್ಟು ಜೇಡಿಯಂಥ ಮುದ್ದೆ ಅದು. ಬಣ್ಣದ ಮೇಲೆ ಧಾರಾಳವಾಗಿ ಲೂಬ್ರಿಕೆಂಟ್, ಅಂದರೆ ಮುದ್ದೆ ಜಾರುವಂತೆ ಮಾಡುವ ದ್ರವ, ಸಿಂಪಡಿಸಿ, ಮುದ್ದೆಯನ್ನು ಚಪ್ಪಟೆ ಮಾಡಿ ಅದುಮದೆ ಜಾರಿಸಿ. ಮೊದಲು ಗರಗರ ಎಂದು ತಡೆಯುತ್ತದೆ. ಆ ಸದ್ದು ನಿಂತು ಸರ್ರನೆ ಜಾರತೊಡಗಿದರೆ ಆ ಜಾಗ ಮುಗಿಯಿತು. ಕೊಳೆ ಕಂಡಾಗಲೆಲ್ಲ ಮಡಚಿ ಶುದ್ಧ ಮುಖ ಹೊರಕ್ಕೆ ಬರುವಂತೆ ನಾದಿಕೊಳ್ಳಿ. ನೆಲಕ್ಕೆ ಬಿದ್ದರೆ ಎಷ್ಟೇ ಹೊಸದಾಗಿರಲಿ, ಎಸೆಯಿರಿ. ಅದಕ್ಕಂಟಿದ ಒಂದು ಮರಳ ಕಣ ಸಾಕು, ಇಡೀ ಬಾನೆಟ್‌ಗೆ ಗೆರೆ ಎಳೆಯಲು.

ಮೆಷಿನ್ ಇಲ್ಲದೆ ಕೈಯಲ್ಲೇ ಮಾಡಬಹುದೇ?

ಒಂದೆರಡು ಗೀರು, ಹ್ಯಾಂಡಲ್ ಹಿಂದಿನ ಗುಳಿಯಲ್ಲಿನ ಉಗುರಿನ ಗುರುತು, ಮಿರರ್ ಹೊದಿಕೆ, ಇಷ್ಟಕ್ಕೆ ಕೈ ಸಾಕು. ಇಡೀ ಕಾರಿಗೆ ಕೈ ಸೋಲುತ್ತದೆ, ಒತ್ತಡವೂ ಒಂದೇ ಸಮ ಬೀಳುವುದಿಲ್ಲ. ಕೈಯಲ್ಲೇ ಮಾಡುವುದಾದರೆ ಬಾನೆಟ್ ಒಂದನ್ನೇ ಮಾಡಿ. ನೋಡುವವರ ಕಣ್ಣು ಮೊದಲು ಹೋಗುವುದೂ ಅಲ್ಲಿಗೇ.

ಯಾವ ಮೆಷಿನ್? ಮನೆಯಲ್ಲಿರುವ ಡ್ರಿಲ್‌ಗೆ ಪ್ಯಾಡ್ ಸಿಕ್ಕಿಸಿದರೆ ಆಗದೇ?

ಡ್ರಿಲ್ ಬೇಡ. ಅದರ ಹಿಡಿತ ಈ ಕೆಲಸಕ್ಕೆ ಹೇಳಿದ್ದಲ್ಲ, ಪ್ಯಾಡ್ ಓರೆಯಾಗಿ ಒಂದೇ ಕಡೆ ಕೊರೆಯುತ್ತದೆ.

ಹೊಸಬರಿಗೆ ಸರಿಯಾದದ್ದು ಡ್ಯುಯಲ್ ಆಕ್ಷನ್ ಪಾಲಿಶರ್, ಬಾಯಿಮಾತಿನಲ್ಲಿ ಡಿಎ. ಅದರ ಪ್ಯಾಡ್ ತನ್ನ ಸುತ್ತ ತಿರುಗುತ್ತಲೇ ಒಂದು ಸಣ್ಣ ವೃತ್ತದಲ್ಲೂ ಓಲಾಡುತ್ತದೆ. ಜಾಸ್ತಿ ಅದುಮಿದರೆ ತಿರುಗುವುದು ನಿಂತು ಬರೀ ನಡುಗುತ್ತದೆ. ಆ ಗುಣವೇ ನಿಮ್ಮನ್ನು ಕಾಯುವುದು. ರೋಟರಿ ಮೆಷಿನ್ ಹಾಗಲ್ಲ, ಒಂದೇ ಅಕ್ಷದಲ್ಲಿ ಬಲವಾಗಿ ತಿರುಗುತ್ತದೆ, ನಿಂತಲ್ಲೇ ನಿಂತರೆ ಕ್ಷಣದಲ್ಲಿ ಬಿಸಿ ಏರಿಸುತ್ತದೆ. ಪಳಗಿದ ಕೈಯಲ್ಲಿ ಅದು ಅದ್ಭುತ ಕೆಲಸ ಮಾಡುತ್ತದೆ. ಪಳಗದ ಕೈಯಲ್ಲಿ ಬಣ್ಣ ಸುಡುತ್ತದೆ, ಇಲ್ಲವೇ ಬಿಸಿಲಲ್ಲಿ ಮಾತ್ರ ಕಾಣುವ ಅಲೆ ಅಲೆಯಂಥ ಗುರುತು ಬಿಡುತ್ತದೆ.

ಡಿಎಗಳಲ್ಲಿ ಓಲಾಟದ ಅಳತೆ ಸಾಮಾನ್ಯವಾಗಿ 8, 15 ಅಥವಾ 21 ಮಿಲಿಮೀಟರ್. ಚಿಕ್ಕದು ಅಂಕುಡೊಂಕಿನ ಜಾಗಕ್ಕೆ ಸಲೀಸು, ದೊಡ್ಡದು ಅಗಲವಾದ ಸಪಾಟು ಜಾಗವನ್ನು ಬೇಗ ಮುಗಿಸುತ್ತದೆ. ಮೊದಲ ಮೆಷಿನ್‌ಗೆ 8 ಅಥವಾ 15, ಜೊತೆಗೆ ಪ್ಯಾಡ್ ಕೂರಿಸುವ 125 ಮಿಲಿಮೀಟರ್ ಪ್ಲೇಟ್ ಇದ್ದರೆ ಚೆನ್ನ.

ಪ್ಯಾಡ್, ಕಾಂಪೌಂಡ್ ಏನೇನು ಕೊಳ್ಳಬೇಕು?

ಕಾಂಪೌಂಡ್ ಅಂದರೆ ಜಾಸ್ತಿ ಕೊರೆಯುವುದು, ಪಾಲಿಶ್ ಅಂದರೆ ಕಮ್ಮಿ ಕೊರೆದು ಹೊಳಪು ತರುವುದು. ಎರಡೂ ಒಂದೊಂದು ಸಣ್ಣ ಬಾಟಲಿ ಸಾಕು. ಪ್ಯಾಡ್‌ಗಳಲ್ಲಿ ಫೋಮ್ ತೆಗೆದುಕೊಳ್ಳಿ. ಗಟ್ಟಿಯದು ಎರಡು, ಮಧ್ಯಮ ಮೂರು, ಮೃದು ಒಂದು. ಉಣ್ಣೆ ಮತ್ತು ಮೈಕ್ರೋಫೈಬರ್ ಪ್ಯಾಡ್ ಬೇಗ ಕೊರೆಯುತ್ತವೆ, ಸದ್ಯಕ್ಕೆ ದೂರವಿಡಿ. ಪ್ಯಾಡಿನ ಬಣ್ಣ ನೋಡಿ ಗಟ್ಟಿಯೋ ಮೃದುವೋ ತೀರ್ಮಾನಿಸಬೇಡಿ. ಒಂದು ಕಂಪನಿಯ ಕಿತ್ತಳೆ ಇನ್ನೊಂದರ ಕಿತ್ತಳೆಯಂತಲ್ಲ.

ಪ್ಯಾಡ್ ಒಂದೇ ಕೊಂಡು ಹಣ ಉಳಿಸಿದೆನೆಂದುಕೊಳ್ಳುವವರು ಬಹಳ. ಒಂದೇ ಪ್ಯಾಡ್ ಬಿಸಿಯಾಗಿ, ತೊಯ್ದು, ಕೊಳೆ ತುಂಬಿ ಎರಡನೆಯ ಡೋರ್‌ಗೇ ಸೋತಿರುತ್ತದೆ. ಮೈಕ್ರೋಫೈಬರ್ ಬಟ್ಟೆಯೂ ಹತ್ತಾದರೂ ಇರಲಿ. ಲೇಬಲ್ ಹೊಲಿದಿದ್ದರೆ ಕತ್ತರಿಸಿಬಿಡಿ, ಅದೇ ಗೀರುತ್ತದೆ.

ಎಲ್ಲಿಂದ ಶುರು ಮಾಡಲಿ?

ಬಾನೆಟ್‌ನ ಸಪಾಟು ಜಾಗದಲ್ಲಿ ಸುಮಾರು 50 ಸೆಂಟಿಮೀಟರ್ ಚೌಕ ಆರಿಸಿ, ನಡುವೆ ಮಾಸ್ಕಿಂಗ್ ಟೇಪ್ ಅಂಟಿಸಿ. ಒಂದು ಅರ್ಧಕ್ಕೆ ಮಾತ್ರ ಪಾಲಿಶ್ ಮಾಡಿ. ಇದು ಪರೀಕ್ಷೆಯ ಜಾಗ, ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಶುರುವಿಗೆ ಕಮ್ಮಿ ಕೊರೆಯುವ ಜೋಡಿ, ಅಂದರೆ ಮಧ್ಯಮ ಪ್ಯಾಡ್ ಮತ್ತು ಪಾಲಿಶ್. ಸಾಲದಿದ್ದರೆ ಅದೇ ಪಾಲಿಶ್ ಗಟ್ಟಿ ಪ್ಯಾಡಿನಲ್ಲಿ. ಅದೂ ಸಾಲದಿದ್ದರೆ ಆಗ ಕಾಂಪೌಂಡ್. ಕೆಲವು ಕಾರುಗಳ ಬಣ್ಣ ಮೆದು, ಕೆಲವುದರದು ಕಲ್ಲು. ಪಕ್ಕದವರ ಕಾರಿಗೆ ಒಗ್ಗಿದ್ದು ನಿಮ್ಮದಕ್ಕೆ ಒಗ್ಗಬೇಕೆಂದಿಲ್ಲ.

ಅಪ್ಪನ ಕಾರಿನ ಬಾನೆಟ್‌ನಲ್ಲಿ ಆ ಟೇಪ್ ಕಿತ್ತ ಗಳಿಗೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಟೇಪಿನ ಈಚೆ ಇಟ್ಟಿಗೆಯ ಪುಡಿ ಬಳಿದಂಥ ಬಣ್ಣ. ಆಚೆ, ಕೂದಲಷ್ಟು ಗೆರೆ ದಾಟಿದ ಕೂಡಲೇ, ಆಕಾಶದ ಮೋಡ ಕಾಣುವಷ್ಟು ಆಳವಾದ ಕೆಂಪು. ಅಪ್ಪ ಹತ್ತಿರ ಬಂದು ಬಗ್ಗಿ, ಬೆರಳ ತುದಿಯಿಂದ ಆ ಗೆರೆಯನ್ನು ಮುಟ್ಟಿ ನೋಡಿದರು.

ಮೆಷಿನ್ ಹಿಡಿದು ಮಾಡುವ ಕ್ರಮ ಹೇಳಿ.

ಮೊದಲು ಪ್ಯಾಡ್ ಹಿಂದಿನ ಪ್ಲೇಟಿನ ಅಂಚಿಗೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಪ್ಯಾಡ್ ತಿರುಗುತ್ತಿದೆಯೋ ಬರೀ ನಡುಗುತ್ತಿದೆಯೋ ಹೇಳುವುದು ಆ ಗೆರೆಯೇ. ವೈರನ್ನು ಹೆಗಲ ಮೇಲೆ ಹಾಕಿಕೊಳ್ಳಿ, ಬಣ್ಣದ ಮೇಲೆ ಎಳೆದಾಡಬಾರದು. ನೆಲ ಒಣಗಿರಲಿ.

ಹೊಸ ಪ್ಯಾಡಿಗೆ ಪಾಲಿಶ್ ಹಾಕಿ ಬೆರಳಿನಿಂದ ಮುಖವೆಲ್ಲ ತೆಳುವಾಗಿ ಸವರಿ, ಆಮೇಲೆ ಕಡಲೆಕಾಳಿನಷ್ಟು ಮೂರು ನಾಲ್ಕು ಹನಿ. ಪ್ಯಾಡನ್ನು ಕಾರಿಗೆ ತಾಗಿಸಿದ ನಂತರವೇ ಸ್ವಿಚ್ ಒತ್ತಿ, ಗಾಳಿಯಲ್ಲಿ ಶುರು ಮಾಡಿದರೆ ಪಾಲಿಶ್ ಗೋಡೆಗೆಲ್ಲ ಸಿಡಿಯುತ್ತದೆ. ಕಡಿಮೆ ವೇಗದಲ್ಲಿ ಚೌಕದ ತುಂಬ ಹರಡಿ, ಬಳಿಕ ಮೆಷಿನ್ ಮೇಲಿನ ವೇಗದ ಡಯಲನ್ನು 4 ಅಥವಾ 5ಕ್ಕೆ ಏರಿಸಿ.

ಇನ್ನು ಕೈ. ಹೊಸಬರೆಲ್ಲ ಎಡವುವುದು ಇಲ್ಲೇ, ಇಸ್ತ್ರಿ ಪೆಟ್ಟಿಗೆ ಆಡಿಸಿದಂತೆ ಬೇಗ ಬೇಗ ಆಡಿಸುತ್ತಾರೆ. ಮೆಷಿನ್ ವೇಗವಾಗಿರಬೇಕು, ಕೈ ನಿಧಾನವಾಗಿರಬೇಕು. ಸೆಕೆಂಡಿಗೆ 2ರಿಂದ 3 ಸೆಂಟಿಮೀಟರ್, ಅದಕ್ಕಿಂತ ಜಾಸ್ತಿ ಬೇಡ. ಎಡದಿಂದ ಬಲಕ್ಕೆ ಸಾಲು ಸಾಲಾಗಿ, ಹಿಂದಿನ ಸಾಲಿನ ಅರ್ಧವನ್ನು ಮುಚ್ಚುತ್ತ ಹೋಗಿ. ಆಮೇಲೆ ಅದೇ ಚೌಕವನ್ನು ಮೇಲಿನಿಂದ ಕೆಳಕ್ಕೆ. ಹೀಗೆ ಒಟ್ಟು ನಾಲ್ಕರಿಂದ ಆರು ಸಲ. ಪ್ಯಾಡ್ ಸಪಾಟಾಗಿ ಕೂತಿರಲಿ. ಪ್ಲೇಟಿನ ಗೆರೆ ತಿರುಗುವುದು ನಿಂತರೆ ಅದುಮಿದ್ದು ಜಾಸ್ತಿಯಾಯಿತು, ಇಲ್ಲವೇ ಪ್ಯಾಡ್ ಓರೆಯಾಗಿದೆ. ಪಾಲಿಶ್ ತೆಳುವಾದ ಎಣ್ಣೆಯ ಪೊರೆಯಂತಾದಾಗ ನಿಲ್ಲಿಸಿ, ಮೆಷಿನ್ ಪೂರ್ತಿ ನಿಂತ ಮೇಲೆ ಎತ್ತಿ, ಬಟ್ಟೆಯಿಂದ ಒರೆಸಿ. ಪ್ಯಾಡನ್ನು ಬ್ರಷ್‌ನಿಂದ ಕೊಡವಿ, ಎರಡು ಹನಿ ಹಾಕಿ ಮುಂದಿನ ಚೌಕಕ್ಕೆ ಹೋಗಿ. ನಡುನಡುವೆ ಅಂಗೈಯಿಂದ ತಗಡು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಾದರೆ ಬಿಟ್ಟು ಬೇರೆ ಜಾಗಕ್ಕೆ ಹೋಗಿ.

ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ.

ಅಂಚುಗಳ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಅಷ್ಟೇನಿದೆ?

ಹೆದರಬೇಕಾದದ್ದೇ. ಬಾನೆಟ್‌ನ ತುದಿ, ಡೋರ್‌ನ ಅಂಚು, ಮೈಮೇಲಿನ ಮಡಿಕೆಯ ಗೆರೆ, ಇಲ್ಲೆಲ್ಲ ಬಣ್ಣ ತೆಳು. ಮೇಲಾಗಿ ಪ್ಯಾಡಿನ ಒತ್ತಡವೆಲ್ಲ ಆ ಚೂಪಾದ ಜಾಗದ ಮೇಲೇ ಬೀಳುತ್ತದೆ. ಮೊದಲ ಕಾರಿನ ಖುಷಿಯಲ್ಲಿ ನಾನು ಟೇಪ್ ಹಾಕದೆ ಬಾನೆಟ್ ಅಂಚಿನ ಮೇಲೆ ಮೂರ್ನಾಲ್ಕು ಸಲ ಮೆಷಿನ್ ಓಡಿಸಿದೆ. ಒರೆಸಿದಾಗ ಬೂದು ಬಣ್ಣದ ಪ್ರೈಮರ್ ಕಂಡಿತು, ಹೆಬ್ಬೆರಳಿನ ಉದ್ದಕ್ಕೆ. ಅದನ್ನು ಮತ್ತೆ ಕೆಂಪಾಗಿಸುವ ಪಾಲಿಶ್ ಇಲ್ಲ. ಈಗ ಎಲ್ಲ ಅಂಚಿಗೂ ಟೇಪ್ ಹಾಕುತ್ತೇನೆ, ಮೆಷಿನ್ ಮುಗಿದ ಮೇಲೆ ಟೇಪ್ ಕಿತ್ತು ಆ ಕೂದಲಗಲವನ್ನು ಕೈಯಲ್ಲಿ ಎರಡು ಸಲ ಉಜ್ಜುತ್ತೇನೆ.

ಬಂಪರ್‌ಗೂ ಇದೇ ಎಚ್ಚರ. ಅದು ಪ್ಲಾಸ್ಟಿಕ್, ತಗಡಿನ ಹಾಗೆ ಬಿಸಿಯನ್ನು ಹರಡುವುದಿಲ್ಲ. ಅಪಘಾತವಾಗಿ ಮತ್ತೆ ಪೇಂಟ್ ಆದ ಭಾಗಗಳಲ್ಲಿ ಬಣ್ಣದ ದಪ್ಪ ಎಷ್ಟೆಂದು ಊಹಿಸಲಾಗದು. ಅಳೆಯುವ ಮೀಟರ್ ಸಿಗುತ್ತದೆ, ಆದರೆ ಅದು ಹೇಳುವುದು ಒಟ್ಟು ದಪ್ಪ, ಕ್ಲಿಯರ್ ಕೋಟ್ ಒಂದರದ್ದಲ್ಲ. ಸಾಮಾನ್ಯ ಮೀಟರ್ ಪ್ಲಾಸ್ಟಿಕ್ ಮೇಲೆ ಕೆಲಸವನ್ನೇ ಮಾಡುವುದಿಲ್ಲ.

ಮ್ಯಾಟ್ ಬಣ್ಣದ ಕಾರಿಗೆ?

ಮಾಡಲೇಬೇಡಿ. ಹೊಳಪು ಬಂದಲ್ಲೆಲ್ಲ ಕಲೆಯಾಗಿ ಉಳಿಯುತ್ತದೆ.

ಪಾಲಿಶ್ ಆದ ದಿನ ಕನ್ನಡಿಯಂತಿತ್ತು, ಎರಡು ಸಲ ತೊಳೆದ ಮೇಲೆ ಗೀರುಗಳು ವಾಪಸ್ ಬಂದವು. ಯಾಕೆ?

ಅವು ಹೋಗಿರಲೇ ಇಲ್ಲ. ಎಷ್ಟೋ ಪಾಲಿಶ್‌ಗಳಲ್ಲಿರುವ ಎಣ್ಣೆ ಮತ್ತು ಫಿಲ್ಲರ್ ಗೀರಿನೊಳಗೆ ಕೂತು ಮರೆಮಾಡುತ್ತವೆ. ನಿಜ ತಿಳಿಯಬೇಕಾದರೆ ಪರೀಕ್ಷೆಯ ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ನೋಡಿ. ನೂರಕ್ಕೆ ಹತ್ತರಿಂದ ಹದಿನೈದು ಪಾಲು ಅದು, ಉಳಿದದ್ದು ನೀರು. ಒರೆಸಿದ ಮೇಲೆ ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಆಗ ಕಂಡದ್ದೇ ನಿಮ್ಮ ಕೆಲಸದ ಫಲ.

ಗೀರು ಹೋಯಿತು, ಆದರೆ ಮಂಜು ಕವಿದಂತಿದೆ.

ಕಾಂಪೌಂಡ್ ಬಿಟ್ಟ ಸೂಕ್ಷ್ಮ ಗುರುತುಗಳು ಅವು. ಮೃದು ಪ್ಯಾಡ್ ಮತ್ತು ಪಾಲಿಶ್‌ನಿಂದ ಕಡಿಮೆ ಒತ್ತಡದಲ್ಲಿ ಇನ್ನೊಂದು ಸುತ್ತು ಮಾಡಿದರೆ ತಿಳಿಯಾಗುತ್ತದೆ. ಪುಡಿ ಪುಡಿಯಾಗಿ ಹಾರುತ್ತಿದ್ದರೆ ಕಾರಣ ಬೇರೆ. ಪಾಲಿಶ್ ಜಾಸ್ತಿ ಹಾಕಿದ್ದೀರಿ, ಪ್ಯಾಡ್ ಕೊಳೆಯಾಗಿದೆ, ಅಥವಾ ತಗಡು ಬಿಸಿಯಿದೆ.

ನೀರಿನ ಕಲೆ, ಹಕ್ಕಿಯ ಹಿಕ್ಕೆ?

ಹಿಕ್ಕೆಯ ಮೇಲೆ ಒದ್ದೆ ಬಟ್ಟೆ ಹಾಸಿ ಕೆಲವು ನಿಮಿಷ ನೆನೆಯಲು ಬಿಟ್ಟು ಎತ್ತಿ, ಒಣಗಿದ್ದನ್ನು ತಿಕ್ಕಬೇಡಿ. ಗಡಸು ನೀರಿನ ಬಿಳಿ ಕಲೆಗೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒಂದೆರಡು ನಿಮಿಷ ಇಟ್ಟು ಚೆನ್ನಾಗಿ ತೊಳೆಯಿರಿ. ಅದಕ್ಕೂ ಹೋಗದೆ ಕುಳಿಯ ಹಾಗೆ ಉಳಿದರೆ ಪಾಲಿಶ್ ತಕ್ಕಮಟ್ಟಿಗೆ ತಗ್ಗಿಸುತ್ತದೆ. ಆಳದ ಕುಳಿಯನ್ನು ಬೆನ್ನಟ್ಟಬೇಡಿ.

ಟೂತ್‌ಪೇಸ್ಟ್ ಹಚ್ಚಿದರೆ ಗೀರು ಹೋಗುತ್ತದೆ ಎನ್ನುತ್ತಾರಲ್ಲ?

ಅದರಲ್ಲೂ ಉಜ್ಜುವ ಕಣಗಳಿವೆ, ಹಾಗಾಗಿ ಸ್ವಲ್ಪ ಹೋದಂತೆ ಕಾಣುವುದು ಸುಳ್ಳಲ್ಲ. ಆದರೆ ಆ ಕಣಗಳ ಗಾತ್ರ ಹಲ್ಲಿಗಾಗಿ ಲೆಕ್ಕ ಹಾಕಿದ್ದು. ಪಾಲಿಶ್ ಸಿಗುವಾಗ ಅದೇಕೆ?

ಕಪ್ಪು ಪ್ಲಾಸ್ಟಿಕ್ ಪಟ್ಟಿಗಳ ಮೇಲೆ ಬಿಳಿ ಕಲೆ ಕೂತಿದೆ.

ಒಣಗಿದ ಪಾಲಿಶ್. ಆಲ್ ಪರ್ಪಸ್ ಕ್ಲೀನರನ್ನು ನೀರಿಗೆ ಬೆರೆಸಿ ಮೃದು ಬ್ರಷ್‌ನಲ್ಲಿ ಉಜ್ಜಿದರೆ ಬಹುಪಾಲು ಬಿಡುತ್ತದೆ. ಮುಂದಿನ ಸಲ ಆ ಪಟ್ಟಿಗಳಿಗೂ ರಬ್ಬರ್‌ಗೂ ಮೊದಲೇ ಟೇಪ್ ಹಾಕಿ.

ಎಷ್ಟು ಹೊತ್ತು ಬೇಕು?

ಮೊದಲ ಸಲ ಎರಡು ದಿನ ಇಟ್ಟುಕೊಳ್ಳಿ. ಒಂದು ದಿನ ತೊಳೆತ, ಕ್ಲೇ, ಟೇಪ್, ಪರೀಕ್ಷೆ. ಮಾರನೆಯ ದಿನ ಮೆಷಿನ್. ಸುಸ್ತಾದ ಕೈ ಅಂಚು ಮರೆಯುತ್ತದೆ.

ಆಮೇಲೆ ಏನು ಹಚ್ಚಬೇಕು?

ಏನನ್ನಾದರೂ ಹಚ್ಚಲೇಬೇಕು, ಪಾಲಿಶ್ ಆದ ಬಣ್ಣ ಬರಿಮೈಯಲ್ಲಿದೆ. ವ್ಯಾಕ್ಸ್ ಒಂದರಿಂದ ಮೂರು ತಿಂಗಳು ಬರುತ್ತದೆ, ಸಿಂಥೆಟಿಕ್ ಸೀಲೆಂಟ್ ಎಂಬ ಕೃತಕ ರಕ್ಷಣಾ ಲೇಪ ನಾಲ್ಕರಿಂದ ಆರು. ಸೆರಾಮಿಕ್ ಕೋಟಿಂಗ್ ವರ್ಷ ಮೀರಿ ನಿಲ್ಲುತ್ತದೆ, ಆದರೆ ಎಣ್ಣೆಯ ಪಸೆ ಒಂದಿಷ್ಟು ಉಳಿದಿದ್ದರೂ ಅದು ಸರಿಯಾಗಿ ಕೂರುವುದಿಲ್ಲ. ಒರೆಸುವುದು ತಡವಾದರೆ ಅಲ್ಲೇ ಗಟ್ಟಿಯಾಗಿ ಗುರುತು ಬೀಳುತ್ತದೆ. ಹೊಸಬರಿಗೆ ನನ್ನ ಸಲಹೆ ಸೀಲೆಂಟ್. ತೆಳುವಾಗಿ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಒರೆಸಿದರೆ ಆಯಿತು. ಇವುಗಳಲ್ಲಿ ಯಾವುದೂ ಕಲ್ಲೇಟನ್ನಾಗಲಿ ಕೀಲಿಯ ಗೀರನ್ನಾಗಲಿ ತಡೆಯುವುದಿಲ್ಲ.

ಹಳದಿಯಾದ ಹೆಡ್‌ಲೈಟಿಗೂ ಇದೇ ಪಾಲಿಶ್ ನಡೆಯುತ್ತದೆಯೇ?

ನಡೆಯುತ್ತದೆ. ಈಗಿನ ಹೆಡ್‌ಲೈಟ್ ಗಾಜಲ್ಲ, ಪಾಲಿಕಾರ್ಬನೇಟ್ ಪ್ಲಾಸ್ಟಿಕ್. ಹಳದಿಯಾಗುವುದು ಅದರ ಹೊರಗಿನ ರಕ್ಷಣಾ ಪದರ ಬಿಸಿಲಿಗೆ ಹಾಳಾದಾಗ. ಉಜ್ಜಿ ತಿಳಿಯಾಗಿಸಿದ ಮೇಲೆ ಆ ಪದರ ಇರುವುದಿಲ್ಲವಾದ್ದರಿಂದ ಅತಿನೇರಳೆ ಕಿರಣ ತಡೆಯುವ ಲೇಪ ಹಚ್ಚಿ. ಹಾಗೇ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಮಂಜಾಗುತ್ತದೆ.

ವರ್ಷಕ್ಕೆ ಎಷ್ಟು ಸಲ ಪಾಲಿಶ್ ಮಾಡಬೇಕು?

ವರ್ಷದ ಲೆಕ್ಕ ಇಟ್ಟುಕೊಳ್ಳಬೇಡಿ. ಬಲೆ ಬಲೆಯ ಗೆರೆಗಳು ಹೆಚ್ಚಾಗಿ ಬರುವುದು ಒಣ ಬಟ್ಟೆಯಿಂದ ದಿನಾ ಬೆಳಿಗ್ಗೆ ಧೂಳು ಒರೆಸುವುದರಿಂದ. ಆ ಒಂದು ಅಭ್ಯಾಸ ಬಿಟ್ಟು, ನೀರು ಹಾಯಿಸಿ ಎರಡು ಬಕೆಟ್‌ನಲ್ಲಿ ತೊಳೆದು, ಸೀಲೆಂಟ್ ಮುಗಿದಾಗ ಮತ್ತೆ ಹಚ್ಚುತ್ತಿದ್ದರೆ ಮೆಷಿನ್ ಹೊರಗೆ ಬರುವುದೇ ಅಪರೂಪ. ನೀರು ಹನಿಗಟ್ಟದೆ ಹಾಳೆಯಂತೆ ಹರಡಿ ನಿಂತರೆ ಸೀಲೆಂಟ್ ಹಚ್ಚುವ ಹೊತ್ತಾಯಿತು. ಅಪ್ಪನ ಕಾರಿಗೆ ಆ ಮೊದಲ ಸಲದ ನಂತರ ನಾಲ್ಕು ವರ್ಷದಲ್ಲಿ ಮೆಷಿನ್ ಮುಟ್ಟಿಸಿದ್ದು ಒಮ್ಮೆ ಮಾತ್ರ. ಅದೂ ಬಾನೆಟ್ ಮತ್ತು ರೂಫ್‌ಗೆ, ಮೃದು ಪ್ಯಾಡಿನಲ್ಲಿ, ಅಂಚಿಗೆಲ್ಲ ಟೇಪ್ ಹಾಕಿ.